ಸಂಜೆಯಾದರೆ ಸಾಕು, ನಾಯಿ ಮಂಚದ ಕೆಳಗೆ. ಚಿರತೆಯಾ, ಇನ್ನೇನಾದರೂನಾ?

ತೋಟದಮನೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಕೊಪ್ಪದ ಹತ್ತಿರ ನಮ್ಮದು ಒಂಟಿ ಮನೆ. ಮುಂದೆ ಅಂಗಳ, ಅದರಾಚೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ನಮ್ಮ ಕರಿಯನಿಗೆ ಐದು ವರ್ಷ. ಜಾತಿ ಗೀತಿ ಏನಿಲ್ಲ, ಊರ ನಾಯಿ. ಹುಟ್ಟಿದಾಗಿನಿಂದ ಜಗಲಿಯೇ ಅವನ ಮನೆ. ರಾತ್ರಿಯಿಡೀ ಬೊಗಳುತ್ತಿದ್ದ. ಬೊಗಳುವುದು ಜಾಸ್ತಿಯಾಯಿತು ಅಂತ ನಾವೇ ಬೈಯುತ್ತಿದ್ದೆವು.

ಈಗ ಮೂರು ವಾರದಿಂದ ಕಥೆಯೇ ಬೇರೆ. ದೀಪ ಹಚ್ಚುವ ಹೊತ್ತಿಗೆ ಒಳಗೆ ಬಂದು ಅಮ್ಮನ ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ. ಎಳೆದರೂ ಬರುವುದಿಲ್ಲ. ಜಗಲಿವರೆಗೆ ಎತ್ತಿಕೊಂಡು ಹೋದರೆ ಮೈ ನಡುಗುತ್ತದೆ, ಬಾಲ ಹೊಟ್ಟೆಗೆ ಅಂಟಿರುತ್ತದೆ. ಬೆಳಿಗ್ಗೆ ಎದ್ದರೆ ಏನೂ ಆಗಿಲ್ಲವೆನ್ನುವ ಹಾಗೆ ನನ್ನ ಜೊತೆ ತೋಟಕ್ಕೆ ಬರುತ್ತಾನೆ, ಮಂಗನ ಹಿಂದೆ ಓಡುತ್ತಾನೆ.

ಈಗ ಕೊನೆಕೊಯ್ಲು, ಅಡಿಕೆ ಗೊನೆ ಇಳಿಸುವ ಕಾಲ. ರಾತ್ರಿ ಹತ್ತರವರೆಗೂ ಜಗಲಿಯಲ್ಲಿ ಏಳೆಂಟು ಜನ ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ, ಲೈಟ್ ಉರಿಯುತ್ತಿರುತ್ತದೆ. ಹೋದ ವರ್ಷ ಸಿಪ್ಪೆ ರಾಶಿಯ ಮೇಲೆಯೇ ಮಲಗುತ್ತಿದ್ದ. ಈ ವರ್ಷ ಇಣುಕಿಯೂ ನೋಡುವುದಿಲ್ಲ. ಹಂದಿ ಬಂದಿರಬಹುದು ಎನ್ನಬೇಡಿ. ದೀಪಾವಳಿ ಹೊತ್ತಿಗೆ ತೋಟದ ಸುತ್ತ ಸೋಲಾರ್ ಬೇಲಿ ಹಾಕಿಸಿದ್ದೇವೆ, ಹಂದಿ ಒಳಗೆ ಬರುವ ಹಾಗಿಲ್ಲ.

ಯಾರಿಗಾದರೂ ಹೀಗೆ ಆಗಿದೆಯಾ?

ಕಾಫಿಕಣ

ಯೋಚನೆಯೇ ಬೇಡ ಮಾರಾಯ್ರೆ. ಚಿರತೆ. ಮೂಡಿಗೆರೆ ಕಡೆ ನಮ್ಮ ಎಸ್ಟೇಟಿನಲ್ಲಿ ಎರಡು ನಾಯಿ ಹೋಗಿವೆ. ಎರಡನೆಯದು ಹೋಗುವ ಮುಂಚೆ ಹೀಗೇ ಮಾಡುತ್ತಿತ್ತು. ಒಂದು ರಾತ್ರಿ ಬೊಗಳುವ ಶಬ್ದ ಅರ್ಧಕ್ಕೇ ನಿಂತುಹೋಯಿತು. ಬೆಳಿಗ್ಗೆ ಕಾಫಿ ಗಿಡದ ಬುಡದಲ್ಲಿ ಕೊರಳಪಟ್ಟಿ ಸಿಕ್ಕಿತು, ಅಷ್ಟೇ. ಊರಿನ ಅಂಚಿಗೆ ಬರುವ ಚಿರತೆಗೆ ನಾಯಿಯಷ್ಟು ಸುಲಭದ ಊಟ ಬೇರೆ ಇಲ್ಲ. ನಿಮ್ಮ ಕರಿಯ ಜಾಣ. ಒಳಗೇ ಇರಲಿ ಬಿಡಿ.

ರಾಕಿಂಗ್ ರಾಮು

ಚೀತಾನೇ. ಡೌಟೇ ಇಲ್ಲ.

ಸುಮ್ನೆ ಓದುವವ

@ರಾಕಿಂಗ್ ರಾಮು, ಕೊಪ್ಪದಲ್ಲಿ ಚೀತಾ ಎಲ್ಲಿಂದ ಬರಬೇಕು ಸ್ವಾಮಿ? ಚೀತಾ ಬಯಲಿನಲ್ಲಿ ಓಡಿ ಹಿಡಿಯುವ ಪ್ರಾಣಿ. ಭಾರತದಲ್ಲಿ ಅದು ಅಳಿದುಹೋಯಿತು ಅಂತ 1952ರಲ್ಲೇ ಘೋಷಣೆಯಾಯಿತು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ತಂದಿದ್ದು ಮಧ್ಯಪ್ರದೇಶದ ಕುನೋಗೆ. ನಮ್ಮಲ್ಲಿರುವುದು ಚಿರತೆ. ಟಿವಿಯವರು ಎರಡನ್ನೂ ಕಲಸಿಬಿಟ್ಟಿದ್ದಾರೆ.

ರಾಕಿಂಗ್ ರಾಮು

ಸರಿ ಗುರುಗಳೇ. ಚುಕ್ಕೆ ಇರುವುದು ಎರಡಕ್ಕೂ ಅಲ್ವಾ.

ಘಟ್ಟದ ಕೆಳಗಿನವಳು

ನಮ್ಮಲ್ಲಿ ಅದಕ್ಕೆ ಚಿಟ್ಟೆ ಹುಲಿ ಅಂತಲೇ ಹೇಳುವುದು. ಅಜ್ಜಿ ಇದ್ದಾಗ ಕತ್ತಲಾದ ಮೇಲೆ ಆ ಹೆಸರೂ ಎತ್ತುವ ಹಾಗಿರಲಿಲ್ಲ. "ಅದು" ಅಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು.

ತುಂಗಾತೀರದವರು

ನಾನು ಹಳಬ, ನಗಬೇಡಿ. ನಾಯಿಗೆ ಕಾಣುವುದು ನಮಗೆ ಕಾಣುವುದಿಲ್ಲ. ಮನೆ ಕಾಯುವ ದೇವತೆ ಚೌಡಿಗೆ ಈ ವರ್ಷ ಕೊಡುವುದನ್ನು ಕೊಟ್ಟಿದ್ದೀರಾ? ಬೇಲಿ ಹಾಕುವಾಗ ಚೌಡಿಯ ಬನದ ಜಾಗದಲ್ಲಿ ಕಂಬ ನೆಟ್ಟಿಲ್ಲ ತಾನೇ? ಒಮ್ಮೆ ವಿಚಾರಿಸಿ.

ಕಾಫಿಕಣ

ಶುರುವಾಯಿತು ನೋಡಿ.

ತೋಟದಮನೆ

@ತುಂಗಾತೀರದವರು, ನಮ್ಮ ಅಮ್ಮನೂ ಇದನ್ನೇ ಹೇಳುತ್ತಿದ್ದಾರೆ ಸಾರ್. ಪೂಜೆ ಆಗಿದೆ. ಬನದ ಹತ್ತಿರ ಕಂಬ ಹಾಕಿಲ್ಲ.

ಗೋಡಾಕ್ಟ್ರು

ಮೂವತ್ತು ವರ್ಷ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಇದ್ದವನು, ಈಗ ನಿವೃತ್ತ. ಚಿರತೆ, ಚೌಡಿ ಎರಡಕ್ಕೂ ಮುಂಚೆ ನಾಯಿಯ ಮೈ ನೋಡಿ. ನಾಯಿ ಇದ್ದಕ್ಕಿದ್ದಂತೆ ಮೂಲೆ ಸೇರಿದರೆ ನನಗೆ ಮೊದಲು ನೆನಪಾಗುವುದು ರೇಬೀಸ್. ಹುಚ್ಚುನಾಯಿ ಅಂದರೆ ಕಚ್ಚಲು ಓಡಿಬರುವುದು ಅಂತಲೇ ಜನ ತಿಳಿದಿದ್ದಾರೆ. ಮೂಕ ರೇಬೀಸ್ ಅಂತಲೂ ಇದೆ. ಅದರಲ್ಲಿ ನಾಯಿ ಕತ್ತಲಲ್ಲಿ ಅಡಗುತ್ತದೆ, ದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ. ಗಂಟಲಲ್ಲಿ ಎಲುಬು ಸಿಕ್ಕಿರಬೇಕು ಅಂತ ಮಾಲೀಕ ಬಾಯಿಗೆ ಕೈ ಹಾಕುತ್ತಾನೆ. ಅಲ್ಲಿಗೆ ಮುಗಿಯಿತು.

ಆದರೆ ನಿಮ್ಮದು ಅದಲ್ಲ. ಲಕ್ಷಣ ಕಂಡ ಮೇಲೆ ರೇಬೀಸ್ ನಾಯಿ ಸಾಮಾನ್ಯವಾಗಿ ಹತ್ತು ದಿನ ದಾಟುವುದಿಲ್ಲ. ನಿಮ್ಮದಕ್ಕೆ ಮೂರು ವಾರವಾಗಿದೆ, ಹಗಲು ಮಂಗನನ್ನು ಓಡಿಸುತ್ತಿದೆ. ಆದರೂ ಕೇಳುತ್ತೇನೆ. ಲಸಿಕೆ ಯಾವಾಗ ಆಗಿದೆ? ಊಟ ಹೇಗಿದೆ? ಕಿವಿ ಕೆರೆಯುತ್ತಾನಾ? ಉಣ್ಣೆ ಇದೆಯಾ? ಮಬ್ಬು ಬೆಳಕಿನಲ್ಲಿ ಎಡವುತ್ತಾನಾ? ರಾತ್ರಿ ಕಣ್ಣು ಕಾಣದ ನಾಯಿಯೂ ಹೊರಗೆ ಹೋಗಲು ಹೆದರುತ್ತದೆ. ಮತ್ತೆ, ರಾತ್ರಿ ಉಚ್ಚೆಗೆ ಎಲ್ಲಿಗೆ ಹೋಗುತ್ತಾನೆ?

ತೋಟದಮನೆ

ಡಾಕ್ಟ್ರೇ, ಲಸಿಕೆ ಆಗಸ್ಟಿನಲ್ಲಿ ಆಗಿದೆ. ಊಟಕ್ಕೆ ತೊಂದರೆಯಿಲ್ಲ, ಮಂಚದ ಕೆಳಗೆ ತಟ್ಟೆ ತಳ್ಳಿದರೆ ಚಪ್ಪರಿಸುತ್ತಾನೆ. ಕಿವಿ ಚೆನ್ನಾಗಿದೆ. ಉಣ್ಣೆ ಎರಡು ಮೂರು ಇದ್ದವು, ತೆಗೆದೆ. ಎಡವುವುದಿಲ್ಲ.

ಉಚ್ಚೆಗೆ ಹಿತ್ತಲ ಬಾಗಿಲಿನಿಂದ ಹೋಗುತ್ತಾನೆ. ಅಲ್ಲಿ ನಡುಕ ಗಿಡುಕ ಇಲ್ಲ. ಬಚ್ಚಲ ಹಿಂದೆ ಬಾಳೆ ಬುಡಕ್ಕೆ ಹೋಗಿ ಆರಾಮಾಗಿ ಬರುತ್ತಾನೆ. ನೀವು ಕೇಳಿದ ಮೇಲೆಯೇ ಇದು ನನಗೆ ಹೊಳೆದದ್ದು. ಹಿತ್ತಲ ಕಡೆಯೇ ಬೆಟ್ಟ ಇರುವುದು. ಚಿರತೆ ಬರುವುದಾದರೆ ಅಲ್ಲಿಂದಲೇ ಬರಬೇಕಲ್ಲ?

ಸುಮ್ನೆ ಓದುವವ

ಆಹಾ. ಕಥೆ ಈಗ ಕುದುರಿತು.

ಮಾಗಡಿ ರೋಡ್

ಬೆಂಗಳೂರಿನವಳು, ಎರಡನೇ ಮಹಡಿ, ಒಂದು ನಾಯಿ ಒಂದು ಬೆಕ್ಕು. ಕರಿಯ ಏನಾದರೂ ತಪ್ಪು ಮಾಡಿ ಅಡಗಿರಬಹುದಾ? ನಮ್ಮ ಚಿಂಟು ಚಪ್ಪಲಿ ಕಚ್ಚಿದ ದಿನ ಬಾಗಿಲು ತೆಗೆಯುವಾಗಲೇ ಸೋಫಾ ಹಿಂದೆ ಹೋಗಿ ಕಳ್ಳನ ಹಾಗೆ ನೋಡುತ್ತಾನೆ. ತಪ್ಪು ಮಾಡಿದ್ದು ಅವನಿಗೆ ಗೊತ್ತಿರುತ್ತದೆ!

ಫ್ರೀಮಾಂಟ್ ಗಿರಿ

ಅಕ್ಕ, ಅದು ನಿಮ್ಮ ಮುಖ ನೋಡಿ ಬಂದ ಕಳ್ಳನೋಟ. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ 14 ನಾಯಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದರು. "ತಿನ್ನಬೇಡ" ಅಂತ ತಿಂಡಿ ಇಟ್ಟು ಮಾಲೀಕರನ್ನು ಹೊರಗೆ ಕಳಿಸುವುದು. ವಾಪಸು ಬಂದಾಗ ನಾಯಿ ತಿಂದಿದೆ ಅಂತ ಕೆಲವರಿಗೆ ಸುಳ್ಳು ಹೇಳುವುದು. ಬೈಸಿಕೊಂಡಾಗಲೇ ನಾಯಿಗಳು ಆ ಮುಖ ಹೆಚ್ಚು ಮಾಡಿದವು, ತಿಂದಿರಲಿ ಬಿಡಲಿ. ತಿಂದದ್ದಕ್ಕೂ ಮುಖಕ್ಕೂ ಸಂಬಂಧ ಕಾಣಲಿಲ್ಲ.

ಮಾಗಡಿ ರೋಡ್

ಹಾಗಾದರೆ ನಾನು ಬಾಗಿಲು ತೆಗೆಯುವ ಮುಂಚೆಯೇ ಅಡಗುವುದು ಯಾಕೆ?

ಫ್ರೀಮಾಂಟ್ ಗಿರಿ

ನೆಲದ ಮೇಲೆ ಚೂರು ಬಿದ್ದಿರುವುದು, ಅಕ್ಕ ಬರುವುದು, ಎರಡೂ ಸೇರಿದರೆ ಬೈಗುಳ ಅಂತ ಕಲಿತಿರುತ್ತಾನೆ. ಯಾರು ಕಚ್ಚಿದ್ದು ಅನ್ನುವುದು ಅವನ ಲೆಕ್ಕದಲ್ಲಿ ಇಲ್ಲ. ಬೆಕ್ಕಿನ ಕೈಯಲ್ಲಿ ಚಪ್ಪಲಿ ಹರಿಸಿ ನೋಡಿ, ಆಗಲೂ ಅಡಗುತ್ತಾನೆ.

ಮಾಗಡಿ ರೋಡ್

ನಮ್ಮ ಬೆಕ್ಕು ನಾನು ಹೇಳಿದ್ದು ಕೇಳಿದ ದಿನ ಮಾಡುತ್ತೇನೆ.

ತೋಟದಮನೆ

ಸುದ್ದಿ ಇದೆ. ಇವತ್ತು ಬೆಳಿಗ್ಗೆ ತೋಟದ ಕಪ್ಪಿನಲ್ಲಿ, ಅದೇ ಸಾಲಿನ ನಡುವಿನ ಕಾಲುವೆಯಲ್ಲಿ, ಹೆಜ್ಜೆ ಕಂಡಿತು. ಫೋಟೋ ಹಾಕಿದ್ದೇನೆ. ಪಕ್ಕದಲ್ಲಿರುವುದು ಬೆಂಕಿಪೊಟ್ಟಣ.

ಕಾಫಿಕಣ

ನಾನು ಹೇಳಲಿಲ್ವಾ? ನಾಲ್ಕು ಬೆರಳು, ಉಗುರಿನ ಗುರುತೇ ಇಲ್ಲ. ನಾಯಿದಾಗಿದ್ದರೆ ಬೆರಳಿನ ಮುಂದೆ ಉಗುರು ಚುಚ್ಚಿದ ಗುರುತು ಇರಬೇಕಿತ್ತು. ಬೆಕ್ಕಿನ ಜಾತಿ ಉಗುರು ಒಳಗೆಳೆದುಕೊಂಡು ನಡೆಯುತ್ತದೆ. ಮೆತ್ತೆಯ ಹಿಂದಿನ ಅಂಚಿನಲ್ಲಿ ಮೂರು ಉಬ್ಬು ನೋಡಿ. ಕೇಸ್ ಕ್ಲೋಸ್. ಅರಣ್ಯದವರಿಗೆ ಹೇಳಿ ಬೋನು ಇಡಿಸಿ.

ಗುಡ್ಡದಮನೆ ಅಕ್ಕ

ಬೋನು ಇಡಿಸಿ ಏನು ಮಾಡುತ್ತೀರಿ? ಇಲ್ಲಿ ಹಿಡಿದು ಇನ್ನೆಲ್ಲೋ ಬಿಡುತ್ತಾರೆ. ಮಹಾರಾಷ್ಟ್ರದ ಜುನ್ನರ್ ಕಡೆ 2001ರಿಂದ 2003ರವರೆಗೆ ಹೀಗೆ ಹಿಡಿದು ಬಿಟ್ಟಿದ್ದಕ್ಕೆ ಜನರ ಮೇಲೆ ದಾಳಿ ಜಾಸ್ತಿಯಾಯಿತು, ಕಡಿಮೆಯಾಗಲಿಲ್ಲ. ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಅವರು ಅದರ ಬಗ್ಗೆ ಕೆಲಸ ಮಾಡಿದ್ದಾರೆ. ಊರು ಗೊತ್ತಿಲ್ಲದ ಚಿರತೆ ಗಾಬರಿಯಲ್ಲಿರುತ್ತದೆ. ಇವರ ತೋಟದಲ್ಲಿ ನಡೆದಿರುವುದು ಕಾಲುವೆ ಹಿಡಿದು ತನ್ನ ಪಾಡಿಗೆ ಹೋಗಿದೆ. ಅದರಪ್ಪನೂ ಅದೇ ದಾರಿಯಲ್ಲಿ ಹೋಗಿರುತ್ತಾನೆ.

ಕಾಫಿಕಣ

ಅಕ್ಕ, ನಾಯಿ ಕಳಕೊಂಡವನಿಗೆ ಈ ಮಾತು ಹೇಳಬೇಡಿ.

ಗುಡ್ಡದಮನೆ ಅಕ್ಕ

ನಾನೂ ಒಂದು ಕಳಕೊಂಡಿದ್ದೇನೆ ತಮ್ಮ. ಕೊಟ್ಟಿಗೆ ಮೂಲೆಯಲ್ಲಿ ಕಟ್ಟಿಹಾಕಿದ್ದೆ, ಓಡಲೂ ಆಗಲಿಲ್ಲ. ತಪ್ಪು ನನ್ನದು. ಅವತ್ತಿನಿಂದ ಸಂಜೆ ಆರಕ್ಕೆ ನಾಯಿ ಒಳಗೆ.

ಬಾಗಲಕೋಟಿ ಮಂದಿ

ಏನ್ರಿ, ಚಿರತಿ ಅಂತೀರಿ, ನಮ್ಮ ಮುಧೋಳ ನಾಯಿ ಒಂದು ಸಾಕ್ರಿ. 2005ರಾಗ ಅದರ ಚಿತ್ರದ ಅಂಚೆಚೀಟಿ ಬಂದದ.

ಸುಮ್ನೆ ಓದುವವ

ಅಂಚೆಚೀಟಿ ನೋಡಿ ಚಿರತೆ ಹೆದರುತ್ತದಾ ಅಣ್ಣ?

ಗೋಡಾಕ್ಟ್ರು

ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ಬಯಲಿನಲ್ಲಿ ಮೊಲ ಓಡಿದರೆ ಅದರ ಓಟ ನೋಡಬೇಕು. ಮಲೆನಾಡಿನ ಪೊದೆಯಲ್ಲಿ, ಮಳೆಯಲ್ಲಿ, ಅದಕ್ಕೂ ಕಷ್ಟ, ನಿಮಗೂ ಕಷ್ಟ. ಚಿರತೆ ಎದುರು ಒಂಟಿ ನಾಯಿ ಯಾವ ಜಾತಿಯಾದರೂ ಒಂದೇ.

ಮಳೆಮಾಪಕ

ನಾಯಿ ಜಾತಿ ಅಂದಾಗ ನೆನಪಾಯಿತು. 2019ರಲ್ಲಿ ತೀರ್ಥಹಳ್ಳಿ ಕಡೆ ರೈತರೊಬ್ಬರು ಮಂಗನ ಕಾಟಕ್ಕೆ ತಮ್ಮ ನಾಯಿಗೆ ಹುಲಿಪಟ್ಟೆ ಬಳಿದಿದ್ದರಲ್ಲ, ಪೇಪರಿನಲ್ಲೆಲ್ಲ ಬಂದಿತ್ತು. ತಲೆಗೆ ಹಾಕುವ ಡೈ ಅಂತೆ. ಮಂಗ ಓಡಿದವಂತೆ.

ಘಟ್ಟದ ಕೆಳಗಿನವಳು

ಹೌದು ಹೌದು! ನಮ್ಮ ಭಾವ ಅದನ್ನು ನೋಡಿ ಹುಲಿ ಬೊಂಬೆ ತಂದು ತೆಂಗಿನ ತೋಟದಲ್ಲಿ ಇಟ್ಟರು. ನಾಲ್ಕು ದಿನ ಮಂಗ ಬರಲಿಲ್ಲ. ಐದನೇ ದಿನ ಬೊಂಬೆಯ ತಲೆ ಮೇಲೆ ಕೂತು ಎಳನೀರು ಕುಡಿಯುತ್ತಿತ್ತು.

ಮಳೆಮಾಪಕ

ಅದಕ್ಕೇ ನಾಯಿ ಒಳ್ಳೆಯದು, ಓಡಾಡುತ್ತದೆ! ತಮಾಷೆ ಬಿಡಿ, ಮುದುಮಲೈ ಕಾಡಿನಲ್ಲಿ ಕೋತಿಗಳಿಗೆ ಚಿರತೆಯ ಬೊಂಬೆ ತೋರಿಸಿ ಪರೀಕ್ಷೆ ಮಾಡಿದ್ದರು. ಚುಕ್ಕೆ ಇರುವ ಬೊಂಬೆಗೆ ಕಿರುಚಿಕೊಂಡು ಓಡಿದಷ್ಟು ಕಪ್ಪು ಚಿರತೆ ಬೊಂಬೆಗೆ ಓಡಲಿಲ್ಲ. ಪ್ರಾಣಿ ಪೂರ್ತಿ ಕಾಣುವುದೇ ಬೇಡ, ಚುಕ್ಕೆ ಕಂಡರೆ ಸಾಕು. ಪೊದೆ ಸಂದಿಯಲ್ಲಿ ಚಿರತೆ ಕಾಣುವುದೂ ಅಷ್ಟೇ ಅಲ್ವಾ.

ಎತ್ತಿನಹೊಳೆ

ನೀವು ಮಂಗ, ಚಿರತೆ ಅಂತ ಕೂತಿದ್ದೀರಿ. ಸಕಲೇಶಪುರಕ್ಕೆ ಬನ್ನಿ, ಆನೆ ತೋರಿಸುತ್ತೇವೆ. 2023ರ ಎಣಿಕೆಯಲ್ಲಿ ಕರ್ನಾಟಕದಲ್ಲಿ 6,395 ಆನೆ. ನಮ್ಮ ಲೈನ್ ಮನೆ ಹಿಂದೆ ಇರುವುದನ್ನು ಸೇರಿಸಿದ್ದಾರೋ ಇಲ್ಲವೋ.

ಒಂದು ಮಾತು ಹೇಳುತ್ತೇನೆ. ಪ್ರಾಣಿಯ ಮನಸ್ಸು ಓದುತ್ತೇನೆ ಅನ್ನುವವರು ಮೊದಲು ಅದರ ಕೆನ್ನೆ ನೋಡಲಿ. ಗಂಡಾನೆಗೆ ಕಣ್ಣು ಕಿವಿ ನಡುವೆ ಎಣ್ಣೆ ಸುರಿದ ಹಾಗೆ ಕಪ್ಪು ಗೆರೆ ಇಳಿದಿದ್ದರೆ ಅದಕ್ಕೆ ಮದ ಬಂದಿದೆ ಅಂತ. ಹಿಂಗಾಲಿಗೆ ಉಚ್ಚೆ ಸೋರುತ್ತಿರುತ್ತದೆ, ವಾಸನೆ ದೂರಕ್ಕೇ ಹೊಡೆಯುತ್ತದೆ. ದಿನಾ ನೋಡಿದ ಆನೆಯಾದರೂ ಅವತ್ತು ಅದು ಬೇರೆಯದೇ ಆನೆ. ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಇಲ್ಲೇ ಯಸಳೂರು ಕಡೆ ಸತ್ತಿದ್ದು ನೆನಪಿದೆಯಲ್ಲ. 2012ರಿಂದ 2019ರವರೆಗೆ ಎಂಟು ಸಲ ಅಂಬಾರಿ ಹೊತ್ತವನು. ಕಾಡಾನೆ ಹಿಡಿಯಲು ಕರೆತಂದಿದ್ದರು. ಎದುರಿಗಿದ್ದದ್ದು ಮದ ಬಂದ ಸಲಗ ಅಂತಲೇ ಸುದ್ದಿಯಾಗಿತ್ತು. ನಮ್ಮ ಊರಿನವರು ಈಗಲೂ ಆ ಜಾಗಕ್ಕೆ ಹೋದರೆ ಮಾತಾಡುವುದಿಲ್ಲ.

ಮಾಗಡಿ ರೋಡ್

ಅರ್ಜುನನ ಸುದ್ದಿ ಬಂದ ದಿನ ನಾನು ಆಫೀಸಿನಲ್ಲೇ ಅತ್ತಿದ್ದೆ.

ನಿರ್ವಾಹಕ

ಆನೆಗೆ ಬೇರೆ ಚರ್ಚೆಯ ಎಳೆ ಇದೆ. ಕರಿಯನ ವಿಷಯಕ್ಕೆ ಬನ್ನಿ ದಯವಿಟ್ಟು.

ಗುಡ್ಡದಮನೆ ಅಕ್ಕ

ಬರುತ್ತೇನೆ. @ತೋಟದಮನೆ, ನನಗೆ ಈ ಚಿರತೆ ಲೆಕ್ಕ ಕೂಡುತ್ತಿಲ್ಲ. ನೀವು ಹೇಳಿದ್ದನ್ನೇ ತಿರುಗಿ ಓದಿದೆ. ಚಿರತೆ ನಡೆದಿರುವುದು ತೋಟದಲ್ಲಿ. ಕರಿಯ ಬೆಳಿಗ್ಗೆ ಅದೇ ತೋಟಕ್ಕೆ ಬಾಲ ಎತ್ತಿಕೊಂಡು ಬರುತ್ತಾನೆ. ನಮಗೆ ಹೆಜ್ಜೆ ಕಾಣದಿದ್ದರೂ ಅವನಿಗೆ ವಾಸನೆ ಸಿಗದೇ ಇರುತ್ತದಾ? ನಾಯಿ ಮೂಗು ಅಂದರೆ ಸುಮ್ನೆ ಅಲ್ಲ. ಬೆಟ್ಟದ ಕಡೆ ಕತ್ತಲಲ್ಲಿ ಆರಾಮಾಗಿ ಉಚ್ಚೆ ಹೊಯ್ದು ಬರುತ್ತಾನೆ. ಎಂಟು ಜನ ಕೂತ, ಲೈಟ್ ಇರುವ ಜಗಲಿಗೆ ಮಾತ್ರ ಬರುವುದಿಲ್ಲ. ಇದು ಚಿರತೆಗೆ ಹೆದರಿದ ನಾಯಿಯಾ?

ನನ್ನ ಪ್ರಶ್ನೆ ಎರಡು. ಆ ಹೆಜ್ಜೆ ಮೂಸಿದಾಗ ಕರಿಯ ಏನು ಮಾಡಿದ? ಜಗಲಿಯಲ್ಲಿ ಸರಿಯಾಗಿ ಯಾವ ಜಾಗಕ್ಕೆ ಬಂದಾಗ ನಡುಕ ಶುರುವಾಗುತ್ತದೆ? ಇವತ್ತು ರಾತ್ರಿ ಸ್ವಲ್ಪ ಹೊತ್ತು ಅವನನ್ನೇ ನೋಡಿ. ಕಿವಿ ಎತ್ತ ತಿರುಗುತ್ತದೆ, ಮೂಗು ಎತ್ತುತ್ತಾನಾ, ನೆಕ್ಕಿಕೊಳ್ಳುತ್ತಾನಾ, ಆಕಳಿಸುತ್ತಾನಾ. ಬರೆದಿಟ್ಟುಕೊಳ್ಳಿ. ಏನು ಹೆದರಿಕೆ ಅಂತ ಆಮೇಲೆ ಹೆಸರಿಡೋಣ.

ಕಾಫಿಕಣ

ಅಕ್ಕ ಪತ್ತೇದಾರಿ ಶುರು ಮಾಡಿದರು.

ತೋಟದಮನೆ

ನೋಡಿದೆ ಅಕ್ಕ. ಅರ್ಧ ಗಂಟೆ ನೆಲದ ಮೇಲೆ ಮಲಗಿ ಮಂಚದ ಕೆಳಗೆ ಇಣುಕಿದ್ದಕ್ಕೆ ನನ್ನ ಹೆಂಡತಿ ನನಗೇ ಡಾಕ್ಟರ್ ಬೇಕು ಅಂದಳು.

ಹೆಜ್ಜೆ ಮೂಸಿದಾಗ ಕುತ್ತಿಗೆಯಿಂದ ಬೆನ್ನಿನವರೆಗೆ ಕೂದಲು ನಿಂತಿತು. ಆಮೇಲೆ ಪಕ್ಕದ ಅಡಿಕೆ ಮರಕ್ಕೆ ಕಾಲೆತ್ತಿದ. ನಡುಕ ಇಲ್ಲ.

ರಾತ್ರಿಯದು ಬೇರೆ ತರ. ಮೂಗು ಎತ್ತುವುದೇ ಇಲ್ಲ. ಕಿವಿ ಎರಡೂ ಹಿಂದಕ್ಕೆ ಒತ್ತಿರುತ್ತವೆ, ಆಗಾಗ ಎಡಕಿವಿ ಮಾತ್ರ ಪಟ್ ಅಂತ ಜಗಲಿ ಕಡೆ ಅದುರುತ್ತದೆ. ನೆಕ್ಕಿಕೊಳ್ಳುತ್ತಾನೆ. ಆಕಳಿಕೆ ಎಣಿಸಿದೆ, ಹನ್ನೊಂದು. ನಿದ್ದೆ ಬಂದಿದೆ ಅಂದುಕೊಂಡಿದ್ದೆ ಇಷ್ಟು ದಿನ.

ಎತ್ತಿಕೊಂಡು ಹೊರಟೆ. ನಡುಮನೆ ದಾಟಿ ಜಗಲಿ ಹೊಸ್ತಿಲಿಗೆ ಬಂದಾಗ ನಡುಕ ಶುರು. ಬಲಕ್ಕೆ, ತುಳಸಿಕಟ್ಟೆ ಕಡೆ ಹೋದರೆ ಸ್ವಲ್ಪ ಕಡಿಮೆ. ಎಡಕ್ಕೆ, ಮೀಟರ್ ಬೋರ್ಡ್ ಇರುವ ಮೂಲೆಗೆ ಹೋದರೆ ನನ್ನ ಹೆಗಲು ಪರಚಿ ಇಳಿದು ಓಡಿದ.

ಗೋಡಾಕ್ಟ್ರು

ನಿದ್ದೆ ಇಲ್ಲದ ಆಕಳಿಕೆ, ತಿಂಡಿ ಇಲ್ಲದೆ ತುಟಿ ನೆಕ್ಕುವುದು, ಎರಡೂ ನಾಯಿಗೆ ಮನಸ್ಸಿನಲ್ಲಿ ಕಸಿವಿಸಿ ಇರುವುದರ ಗುರುತು. ಮೂಗು ಎತ್ತದೆ ಕಿವಿ ಅದುರಿಸುತ್ತಾನೆ ಅಂದರೆ ಅವನು ಹೆದರಿರುವುದು ವಾಸನೆಗಲ್ಲ, ಶಬ್ದಕ್ಕೆ. ದೀಪಾವಳಿ ಪಟಾಕಿಗೆ ಬೆಚ್ಚಿರಬಹುದಾ?

ತೋಟದಮನೆ

ನಮ್ಮಲ್ಲಿ ಪಟಾಕಿ ಹೊಡೆಯುವುದಿಲ್ಲ ಡಾಕ್ಟ್ರೇ. ಹತ್ತಿರದ ಮನೆಯೇ ಅರ್ಧ ಮೈಲಿ.

ಫ್ರೀಮಾಂಟ್ ಗಿರಿ

ಒಂದು ನಿಮಿಷ. ನೀವು ಮೊದಲ ಪೋಸ್ಟಿನಲ್ಲಿ ಸೋಲಾರ್ ಬೇಲಿ ಅಂದಿರಿ. ತಂತಿಗೆ ಶಾಕ್ ಕಳಿಸುವ ಅದರ ಪೆಟ್ಟಿಗೆ ಎಲ್ಲಿದೆ? ಎಷ್ಟು ಹೊತ್ತಿಗೆ ಆನ್ ಮಾಡುತ್ತೀರಿ?

ಯಾಕೆ ಕೇಳುತ್ತೇನೆ ಅಂದರೆ, ನಮ್ಮ ಅಮೆರಿಕದಲ್ಲಿ ಪಕ್ಕದ ಮನೆಯವರ ಅಂಗಳಕ್ಕೆ ಬೇಲಿಯೇ ಇಲ್ಲ. ನೆಲದಡಿ ತಂತಿ ಹೂತಿದ್ದಾರೆ, ನಾಯಿಯ ಕೊರಳಲ್ಲಿ ಪಟ್ಟಿ. ಗಡಿ ಹತ್ತಿರ ಬಂದರೆ ಮೊದಲು ಬೀಪ್ ಅನ್ನುತ್ತದೆ, ದಾಟಿದರೆ ಶಾಕ್. ಎರಡು ಮೂರು ಸಲಕ್ಕೆ ನಾಯಿ ಬೀಪಿಗೇ ನಿಲ್ಲುತ್ತದೆ. ಅವರ ಮೈಕ್ರೋವೇವ್ ಬೀಪ್ ಅಂದರೂ ಆ ನಾಯಿ ಅಡುಗೆಮನೆಯಿಂದ ಓಡಿಹೋಗುತ್ತದೆ. ನಾನೇ ನೋಡಿದ್ದೇನೆ.

ತೋಟದಮನೆ

ಪೆಟ್ಟಿಗೆ ಮೀಟರ್ ಬೋರ್ಡ್ ಪಕ್ಕದಲ್ಲೇ ಇದೆ!! ಜಗಲಿ ಎಡಮೂಲೆ. ಸಂಜೆ ಆರೂಕಾಲಿಗೆ ಆನ್, ಬೆಳಿಗ್ಗೆ ಆರಕ್ಕೆ ಆಫ್. ಸೆಕೆಂಡಿಗೊಂದು ಸಲ ಟಕ್ ಅನ್ನುತ್ತದೆ. ನಾವು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೇವೆ.

ಸುಮ್ನೆ ಓದುವವ

ಮೈ ಜುಮ್ ಅಂದಿತು.

ಕಾಫಿಕಣ

ನಿಲ್ಲಿ ನಿಲ್ಲಿ. ನಮ್ಮಲ್ಲೂ ಬೇಲಿ ಇದೆ, ಪೆಟ್ಟಿಗೆ ಇದೆ. ನಮ್ಮ ನಾಯಿ ಅದರ ಕೆಳಗೇ ಮಲಗುತ್ತದೆ.

ಗುಡ್ಡದಮನೆ ಅಕ್ಕ

ನಿಮ್ಮ ನಾಯಿಗೆ ತಂತಿ ತಗುಲಿಲ್ಲ. ಇವರದಕ್ಕೆ ತಗುಲಿರಬೇಕು. ಜಗಳ ಬೇಡ, ಪರೀಕ್ಷೆ ಮಾಡಿ. ನಾಳೆ ಮಧ್ಯಾಹ್ನ ಮೂರಕ್ಕೆ, ಬಿಸಿಲಿರುವಾಗ, ಕರಿಯ ಜಗಲಿಯಲ್ಲಿ ಮಲಗಿದ್ದಾಗ, ಯಾರಿಗೂ ಹೇಳದೆ ಪೆಟ್ಟಿಗೆ ಆನ್ ಮಾಡಿ. ಚಿರತೆಯಾಗಿದ್ದರೆ ಏಳುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಚೌಡಿಯೂ ಬರುವುದಿಲ್ಲ. ತೋಟದಲ್ಲಿ ಕೆಲಸದವರು ತಂತಿ ಮುಟ್ಟದ ಹಾಗೆ ಮೊದಲೇ ನೋಡಿಕೊಳ್ಳಿ.

ತುಂಗಾತೀರದವರು

ಚೌಡಿಗೆ ಹೊತ್ತು ಗೊತ್ತು ತಾಯಿ. ಆದರೂ ಮಾಡಿ ನೋಡಿ.

ಮಳೆಮಾಪಕ

ನಾಳೆ ಮೂರು ಗಂಟೆಗೆ ನಾನು ಮೀಟಿಂಗ್ ರದ್ದು ಮಾಡಿದ್ದೇನೆ.

ತೋಟದಮನೆ

ಮಾಡಿದೆ.

ಮೂರು ಗಂಟೆ ಐದು ನಿಮಿಷ. ಕರಿಯ ಮೆಟ್ಟಿಲ ಮೇಲೆ ಬಿಸಿಲಿಗೆ ಹೊಟ್ಟೆ ಕೊಟ್ಟು ಮಲಗಿದ್ದ. ಕೆಲಸದವರನ್ನು ಕಾಫಿಗೆ ಕರೆದಿದ್ದೆ. ಸ್ವಿಚ್ ಒತ್ತಿದೆ. ಮೊದಲ ಟಕ್ಕಿಗೆ ಕಣ್ಣು ಬಿಟ್ಟ. ಎರಡನೆಯದಕ್ಕೆ ಎದ್ದ. ಮೂರನೆಯದಕ್ಕೆ ಜಗಲಿಯಲ್ಲಿ ಇರಲಿಲ್ಲ. ಬರಿ ಉಗುರಿನ ಶಬ್ದ. ಒಳಗೆ ಹೋಗಿ ನೋಡಿದರೆ ಮಂಚದ ಕೆಳಗೆ, ಹಾಡಹಗಲು.

ಕಾಫಿ ಕುಡಿಯುತ್ತಿದ್ದ ನಮ್ಮ ಕೊನೆಗೌಡ, ಅಡಿಕೆ ಗೊನೆ ಇಳಿಸುವವನು, ಆಗ ಬಾಯಿಬಿಟ್ಟ. ಬೇಲಿ ಆನ್ ಮಾಡಿದ ಮೊದಲ ದಿನ ಸಂಜೆ ದಣಪೆ, ಅಂದರೆ ಬೇಲಿ ಬಾಗಿಲಿನ ಹತ್ತಿರ ಕರಿಯ ಕಾಲೆತ್ತಲು ಹೋಗಿ ಕುಂಯ್ ಅಂತ ಕೂಗಿ ಓಡಿದ್ದನಂತೆ. "ತಂತಿ ತಗ್ತು ಅಂತ ನಕ್ಕಿದ್ವಿ ಅಯ್ಯಾ, ಹೇಳೋದೆಂತಕ್ಕೆ ಅಂತ ಬಿಟ್ವಿ" ಅಂದ. ಮೂರು ವಾರ ನನ್ನ ಮುಂದೆ ಕೂತು ಚಿರತೆ ಕಥೆ ಕೇಳಿದ್ದಾನೆ ಇವನು!

ರಾಕಿಂಗ್ ರಾಮು

ಕಾಲೆತ್ತಲು ಹೋಗಿ. ಅಯ್ಯೋ ಪಾಪ. ಎಲ್ಲಿಗೆ ಹೊಡೆದಿರಬೇಕು ಅಂತ ಯೋಚಿಸಿಯೇ ನಾನು ಕಾಲು ಮಡಚಿಕೊಂಡೆ.

ಎತ್ತಿನಹೊಳೆ

ಹಹ್ಹಾ. ಆನೆಗಳು ಇದಕ್ಕಿಂತ ಜಾಣ. ಒಣ ಮರ ತಳ್ಳಿ ತಂತಿ ಮೇಲೆ ಬೀಳಿಸಿ ದಾಟುತ್ತವೆ.

ಫ್ರೀಮಾಂಟ್ ಗಿರಿ

ರಷ್ಯಾದ ವಿಜ್ಞಾನಿ ಪಾವ್ಲೋವ್ ಗಂಟೆ ಬಾರಿಸಿ ಊಟ ಕೊಟ್ಟು ಕೊಟ್ಟು, ಕೊನೆಗೆ ಬರಿ ಗಂಟೆಗೇ ನಾಯಿಗೆ ಜೊಲ್ಲು ಬರಿಸಿದರು ಅಂತ ಶಾಲೆಯಲ್ಲಿ ಓದಿದ್ದು ಇದೇ. ಇಲ್ಲಿ ಜೊಲ್ಲಿನ ಬದಲು ನಡುಕ. ಹಗಲು ತಂತಿ ಹತ್ತಿರ ಓಡಾಡಲು ಭಯವಿಲ್ಲ ಯಾಕೆಂದರೆ ಹಗಲು ಟಕ್ ಇಲ್ಲ. ಅವನ ಪಾಲಿಗೆ ಕಚ್ಚುವುದು ತಂತಿಯಲ್ಲ, ಆ ಶಬ್ದ. ನಮಗೆ ಸುಮಾರು 20 ಸಾವಿರ ಹರ್ಟ್ಸ್‌ವರೆಗೆ ಕೇಳಿಸಿದರೆ ನಾಯಿಗೆ 40 ಸಾವಿರ ದಾಟಿಯೂ ಕೇಳಿಸುತ್ತದೆ. ನಮಗೆ ಸಣ್ಣ ಟಕ್ ಅನ್ನಿಸುವುದು ಅವನಿಗೆ ಹೇಗೆ ಕೇಳುತ್ತದೋ.

ಬಾಗಲಕೋಟಿ ಮಂದಿ

ಹಾವು ಪುಂಗಿ ಕೇಳಿ ಆಡೋದೂ ಹಿಂಗ ಏನ್ರಿ?

ಗೋಡಾಕ್ಟ್ರು

ಅಲ್ಲ. ಹಾವಿಗೆ ಹೊರಗಿವಿ ಇಲ್ಲ, ದವಡೆಯ ಮೂಲಕ ನೆಲದ ಅದುರು ತಿಳಿಯುತ್ತದೆ, ಗಾಳಿಯಲ್ಲಿ ಬರುವ ತಗ್ಗು ಶಬ್ದ ಸ್ವಲ್ಪ ಕೇಳುತ್ತದೆ. ಹಾವಾಡಿಗ ಪುಂಗಿ ಆಡಿಸುವುದನ್ನು ನೋಡಿ ಅದು ಹೆಡೆ ತಿರುಗಿಸುತ್ತದೆ. ಹಾಲೂ ಕುಡಿಯುವುದಿಲ್ಲ. ಇದನ್ನು ಪ್ರತಿ ನಾಗರಪಂಚಮಿಗೂ ಹೇಳಿ ಹೇಳಿ ಮನೆಯಲ್ಲೇ ಬೈಸಿಕೊಂಡಿದ್ದೇನೆ.

ಈಗ ಕರಿಯನಿಗೆ ಮದ್ದು. ಒಂದು, ಪೆಟ್ಟಿಗೆಯನ್ನು ಜಗಲಿಯಿಂದ ತೆಗೆದು ಮೋಟಾರ್ ಮನೆಗೆ ಹಾಕಿಸಿ. ಎರಡು, ಎಳೆದು ತರಬೇಡಿ. ಎಳೆದಷ್ಟೂ ಜಗಲಿಯೇ ಶಾಕ್ ಅನ್ನುವುದು ಗಟ್ಟಿಯಾಗುತ್ತದೆ. ರಾತ್ರಿ ಊಟದ ತಟ್ಟೆಯನ್ನು ದಿನಕ್ಕೆ ಒಂದು ಮೊಳ ಮುಂದಕ್ಕೆ ಸರಿಸಿ. ತಾನಾಗಿ ಬರಲಿ. ಹಿಂದೆ ಸರಿದರೆ ನೀವೂ ಹಿಂದೆ ಸರಿಯಿರಿ. ಉಣ್ಣೆ ಬಗ್ಗೆ ನಿರ್ಲಕ್ಷ್ಯ ಬೇಡ. ಉಣ್ಣೆ ಕಡಿತದಿಂದ ಹರಡುವ ಮಂಗನ ಕಾಯಿಲೆಯ ಕಾಲ ಹತ್ತಿರ ಬರುತ್ತಿದೆ, ತೋಟದಲ್ಲಿ ಮಂಗ ಸತ್ತದ್ದು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ.

ಕಾಫಿಕಣ

ಒಪ್ಪಿದೆ, ಬೇಲಿಯೇ. ಆದರೆ ಚಿರತೆ ಹೆಜ್ಜೆಯೂ ನಿಜ ತಾನೇ? ನಾಳೆ ಇವನ ಭಯ ಬಿಡಿಸಿ ರಾತ್ರಿ ಜಗಲಿಯಲ್ಲಿ ಮಲಗಿಸಿದರೆ ಏನು ಗತಿ? ನಾನಾಗಿದ್ದರೆ ಪೆಟ್ಟಿಗೆಯನ್ನು ಅಲ್ಲೇ ಬಿಡುತ್ತಿದ್ದೆ. ಪುಕ್ಕಟೆ ಕಾವಲು.

ಗುಡ್ಡದಮನೆ ಅಕ್ಕ

ಭಯ ಬಿಡಿಸುವುದು ಬೇರೆ, ಹೊರಗೆ ಮಲಗಿಸುವುದು ಬೇರೆ ತಮ್ಮ. ಅಡಿಕೆ ಸುಲಿಯುವಾಗ ಜೊತೆಗೆ ಇರಲಿ, ಜನ ಎದ್ದ ಮೇಲೆ ಒಳಗೆ ಹಾಕಿ. ದಿನಾ ರಾತ್ರಿ ಹನ್ನೆರಡು ಗಂಟೆ ನಡುಗಿಸಿ ಕಾಯುವುದು ಎಂಥ ಕಾವಲು?

ಕಾಫಿಕಣ

ಸರಿ ಅಕ್ಕ, ಸೋತೆ.

ಮಾಗಡಿ ರೋಡ್

ಅಮ್ಮ ಏನಂದರು?

ತೋಟದಮನೆ

"ಆ ಪೆಟ್ಟಿಗೆಯಲ್ಲೇ ಕೂತಿದ್ದಾಳೆ ಅನ್ನು" ಅಂದರು. ಪೆಟ್ಟಿಗೆ ತೆಗೆಸುವುದಕ್ಕೆ ಮುಂಚೆ ಕುಂಕುಮ ಹಚ್ಚಿದ್ದಾರೆ.

ತುಂಗಾತೀರದವರು

ಒಳ್ಳೆಯ ಕೆಲಸ.

ತೋಟದಮನೆ

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಪೆಟ್ಟಿಗೆ ಮೋಟಾರ್ ಮನೆಗೆ ಹೋಯಿತು. ಮೊದಲ ಮೂರು ರಾತ್ರಿ ಏನೂ ಬದಲಾಗಲಿಲ್ಲ, ಶಬ್ದವಿಲ್ಲದಿದ್ದರೂ ಆರೂಕಾಲಿಗೆ ಮಂಚದ ಕೆಳಗೆ. ನಾಲ್ಕನೇ ದಿನ ತಟ್ಟೆ ನಡುಮನೆಗೆ ಬಂತು. ಏಳನೇ ದಿನ ಹೊಸ್ತಿಲಿಗೆ. ಮುಂಗಾಲು ಒಳಗಿಟ್ಟು, ಕುತ್ತಿಗೆ ಮಾತ್ರ ಚಾಚಿ ತಿಂದ. ಒಂದು ದಿನ ಯಾರೋ ಅಡಿಕೆ ಕತ್ತಿಯನ್ನು ಮಣೆಗೆ ಟಕ್ ಅಂತ ಬಡಿದರು, ಮತ್ತೆ ಎರಡು ದಿನ ಹಿಂದಕ್ಕೆ ಹೋಯಿತು. ಈಗ ಸುಲಿಯುವವರಿಗೆಲ್ಲ ಆರ್ಡರ್ ಆಗಿದೆ, ಕತ್ತಿ ಮೆಲ್ಲಗೆ ಇಡಬೇಕು.

ನಿನ್ನೆ ರಾತ್ರಿ ಸಿಪ್ಪೆ ರಾಶಿಯ ಅಂಚಿನಲ್ಲಿ ಬಂದು ಕೂತ. ಮಲಗಲಿಲ್ಲ. ಹತ್ತು ಗಂಟೆಗೆ ತೋಟದ ಕಡೆ ಮೂಗು ಎತ್ತಿ ಎರಡು ಸಲ ಬೊಗಳಿದ. ಒಳಗೆ ಹಾಕಿ ಬಾಗಿಲು ಹಾಕಿದೆ. ದಣಪೆ ಕಡೆ ಮಾತ್ರ ಇನ್ನೂ ಕಾಲೆತ್ತುವುದಿಲ್ಲ.

ರಾಕಿಂಗ್ ರಾಮು

ಯಾರು ಎತ್ತುತ್ತಾರೆ ಸ್ವಾಮಿ.

ಮಾಗಡಿ ರೋಡ್

ಖುಷಿಯಾಯಿತು. ಈಗ ನನ್ನದೊಂದು. ನಮ್ಮ ಬೆಕ್ಕು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬರಿ ಗೋಡೆ ನೋಡಿ ಕೂಗುತ್ತದೆ. ಗೋಡೆಯಾಚೆ ಲಿಫ್ಟ್ ಇದೆ. ಇದಕ್ಕೆ ಯಾರ ಹತ್ತಿರ ಉತ್ತರ ಇದೆ?

ಗುಡ್ಡದಮನೆ ಅಕ್ಕ

ಹೊಸ ಎಳೆ ಶುರು ಮಾಡಿ. ಮೊದಲು, ನಾಲ್ಕು ಗಂಟೆಗೆ ಆ ಲಿಫ್ಟಿನಲ್ಲಿ ಯಾರು ಬರುತ್ತಾರೆ ಅಂತ ನೋಡಿ. ಹಾಲಿನವನಾ?